ಮದುವೆ ಅಸಿಂಧುವಾಗಬಹುದು, ಮಗು ಅಲ್ಲ



ಮರುಮದುವೆಯ ಮಾತು ಬಂದಾಗ ನಮ್ಮ ಜನ ಎರಡು ಪ್ರಶ್ನೆಗಳನ್ನು ಒಂದರೊಳಗೊಂದು ಕಲಸಿಬಿಡುತ್ತಾರೆ. ದಂಪತಿಗಳು ಮಾಡಿದ್ದು ಸರಿಯೇ ಎಂಬುದು ಮೊದಲನೆಯದು. ಅವರ ಮಕ್ಕಳ ಸ್ಥಾನವೇನು ಎಂಬುದು ಎರಡನೆಯದು. ಮೊದಲನೆಯದರ ಬಗ್ಗೆ ಧರ್ಮ, ನ್ಯಾಯಾಲಯ, ಸಮಾಜಗಳು ಬೇರೆ ಬೇರೆ ಉತ್ತರ ಕೊಡಬಹುದು. ಎರಡನೆಯದಕ್ಕೆ ಇರಬೇಕಾದ ಉತ್ತರ ಒಂದೇ ಎಂಬುದು ನನ್ನ ಅಭಿಪ್ರಾಯ. ಕೆಥೋಲಿಕ ಕ್ರೈಸ್ತರ ಉದಾಹರಣೆಯನ್ನು ಮುಂದಿಟ್ಟುಕೊಂಡು ಇದನ್ನು ಪರಿಶೀಲಿಸೋಣ.

ಕೆಥೋಲಿಕ ಧರ್ಮಸಭೆಯ ದೃಷ್ಟಿಯಲ್ಲಿ ವಿವಾಹವು ಒಂದು ಸಂಸ್ಕಾರ. ವಿಧಿವತ್ತಾಗಿ ನಡೆದು ಪೂರ್ಣಗೊಂಡ ದೀಕ್ಷಿತರ ಮದುವೆಯನ್ನು ಮರಣವೊಂದೇ ಮುರಿಯಬಲ್ಲದು ಎಂದು 1983ರ ಧರ್ಮಸಂಹಿತೆಯ 1141ನೆಯ ವಿಧಿ ಹೇಳುತ್ತದೆ. ಆದ್ದರಿಂದ ಅಲ್ಲಿ ವಿಚ್ಛೇದನವಿಲ್ಲ; ಇರುವುದು ಅಸಿಂಧು ಘೋಷಣೆ. ಇದ್ದ ಮದುವೆಯನ್ನು ಮುರಿಯುವುದು ವಿಚ್ಛೇದನ. ಒಪ್ಪಿಗೆಯಲ್ಲಿ ದೋಷವಿದ್ದುದರಿಂದಲೋ ಅಡ್ಡಿಯೊಂದು ಮೊದಲೇ ಇದ್ದುದರಿಂದಲೋ ಮದುವೆ ಆಗಿರಲೇ ಇಲ್ಲವೆಂದು ವಿಚಾರಿಸಿ ಹೇಳುವುದು ಅಸಿಂಧು ಘೋಷಣೆ.

ಇಲ್ಲಿಯೇ ತಾಯಂದಿರ ಎದೆಯಲ್ಲಿ ಭಯ ಹುಟ್ಟುತ್ತದೆ. ಮದುವೆಯೇ ಆಗಿರಲಿಲ್ಲವೆಂದಮೇಲೆ ಹುಟ್ಟಿದ ಮಗುವಿನ ಗತಿಯೇನು? ಧರ್ಮಸಂಹಿತೆಯ ಉತ್ತರ ಸ್ಪಷ್ಟವಾಗಿದೆ. ಇಬ್ಬರಲ್ಲಿ ಒಬ್ಬರಾದರೂ ಸದ್ಭಾವದಿಂದ ಆ ಮದುವೆಯನ್ನು ಸಿಂಧುವೆಂದು ನಂಬಿದ್ದರೆ, ಮಗು ಔರಸ ಸಂತಾನವೇ ಎಂದು 1137ನೆಯ ವಿಧಿ ಹೇಳುತ್ತದೆ. ಮುಂದೆ ಬರುವ ಅಸಿಂಧು ಘೋಷಣೆಯಿಂದ ಆ ಸ್ಥಾನ ಕಳೆದುಹೋಗುವುದಿಲ್ಲ. 1917ರ ಹಳೆಯ ಸಂಹಿತೆಯಲ್ಲಿ ಅನೌರಸ ಜನನವು ಗುರುದೀಕ್ಷೆಗೆ ಅಡ್ಡಿಯಾಗಿತ್ತು. 1983ರ ಸಂಹಿತೆ ಆ ಅಡ್ಡಿಯನ್ನು ಕೈಬಿಟ್ಟಿತು. ವಿಚ್ಛೇದನ ಪಡೆದು ಮರುಮದುವೆಯಾದವರು ಬಹಿಷ್ಕೃತರಲ್ಲ ಎಂದು ಪೋಪ್ ಫ್ರಾನ್ಸಿಸರು 2015ರ ಆಗಸ್ಟ್ 5ರಂದು ಸ್ಪಷ್ಟಪಡಿಸಿದರು. ಅದೇ ವರ್ಷ ಅಸಿಂಧು ಘೋಷಣೆಗೆ ಎರಡು ಹಂತದ ತೀರ್ಪು ಬೇಕೆಂಬ ನಿಯಮವನ್ನೂ ತೆಗೆದುಹಾಕಿದರು. ಬಂಧನದ ವಿಷಯದಲ್ಲಿ ಬಿಗಿಯಾಗಿರುವ ಧರ್ಮಸಭೆ ಮಕ್ಕಳ ವಿಷಯದಲ್ಲಿ ಜನ ತಿಳಿದದ್ದಕ್ಕಿಂತ ಉದಾರವಾಗಿದೆ.

ತೊಡಕು ಇರುವುದು ಧರ್ಮಸಭೆಗೂ ನಾಡಿನ ಕಾನೂನಿಗೂ ನಡುವೆ. ಚರ್ಚಿನ ನ್ಯಾಯಪೀಠ ಕೊಡುವ ಅಸಿಂಧು ಘೋಷಣೆಯನ್ನು ಸರ್ಕಾರದ ಕಾನೂನು ಮಾನ್ಯ ಮಾಡುವುದಿಲ್ಲ ಎಂದು ಸುಪ್ರೀಂ ಕೋರ್ಟು 1996ರಲ್ಲಿ ಮಾಲಿ ಜೋಸೆಫ್ ಪ್ರಕರಣದಲ್ಲಿ ಹೇಳಿತು. ಇದನ್ನು ಬದಲಿಸಬೇಕೆಂದು ನಮ್ಮ ಕರಾವಳಿಯ ಕೆಥೋಲಿಕ ಮುಖಂಡರಾದ ಕ್ಲಾರೆನ್ಸ್ ಪಾಯ್ಸ್ ಅವರು 2013ರಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ಚರ್ಚಿನ ತೀರ್ಪನ್ನು ನಂಬಿ ಮತ್ತೆ ಮದುವೆಯಾದವರು ದ್ವಿಪತ್ನಿತ್ವದ ಆಪಾದನೆ ಎದುರಿಸಬೇಕಾಗುತ್ತದೆ ಎಂಬುದು ಅವರ ಅಳಲು. 2017ರ ಜನವರಿ 19ರಂದು ಸುಪ್ರೀಂ ಕೋರ್ಟು ಅರ್ಜಿಯನ್ನು ವಜಾ ಮಾಡಿತು.

ಆ ತೀರ್ಪು ಸರಿಯೆಂದೇ ನಾನು ಭಾವಿಸುತ್ತೇನೆ. ಸಂಸ್ಕಾರದ ವಿಚಾರ ಧರ್ಮಗುರುಗಳಿಗಿರಲಿ. ಜೀವನಾಂಶ, ಆಸ್ತಿ, ವಾರಸಿಕೆಗಳನ್ನು ಎಲ್ಲರಿಗೂ ಒಂದೇ ಆಗಿರುವ ನ್ಯಾಯಾಲಯವೇ ನೋಡಬೇಕು. ಆದರೆ ಅಲ್ಲಿಗೆ ಮಗುವಿನ ಪ್ರಶ್ನೆ ಮುಗಿಯಲಿಲ್ಲ. 1869ರ ವಿಚ್ಛೇದನ ಕಾಯಿದೆಯ 21ನೆಯ ಕಲಮು ಅಸಿಂಧು ಮದುವೆಯ ಮಕ್ಕಳಿಗೆ ರಕ್ಷಣೆ ಕೊಡುವುದು ಎರಡೇ ಸಂದರ್ಭಗಳಲ್ಲಿ: ಮೊದಲ ಸಂಗಾತಿ ತೀರಿಕೊಂಡರೆಂದು ಸದ್ಭಾವದಿಂದ ನಂಬಿ ಮದುವೆಯಾದಾಗ, ಇಲ್ಲವೇ ಬುದ್ಧಿಭ್ರಮಣೆಯ ಕಾರಣಕ್ಕೆ ಮದುವೆ ರದ್ದಾದಾಗ. ಅದೂ ಮದುವೆಗೆ ಅರ್ಹರಾಗಿದ್ದ ತಂದೆ ಅಥವಾ ತಾಯಿಯ ಆಸ್ತಿಗೆ ಮಾತ್ರ. ಚರ್ಚಿನ ಪತ್ರವನ್ನು ನಂಬಿದವರ ಮಗು ಈ ಎರಡರಲ್ಲಿ ಯಾವುದಕ್ಕೂ ಸೇರದು. 2001ರ ತಿದ್ದುಪಡಿ ಕ್ರೈಸ್ತ ಸ್ತ್ರೀಯರಿಗೆ ವಿಚ್ಛೇದನದಲ್ಲಿ ಸಮಾನತೆ ತಂದಿತು, ಪರಸ್ಪರ ಒಪ್ಪಿಗೆಯ ದಾರಿಯನ್ನೂ ತೆರೆಯಿತು. ಮಕ್ಕಳ ಈ ರಕ್ಷಣೆ ಮಾತ್ರ ಇಕ್ಕಟ್ಟಾಗಿಯೇ ಉಳಿಯಿತು.

ಹಿಂದೂ ವಿವಾಹ ಕಾಯಿದೆಯ 16ನೆಯ ಕಲಮನ್ನು ಇದರೊಡನೆ ಹೋಲಿಸಿರಿ. ಅಲ್ಲಿ ಅಸಿಂಧು ಮದುವೆಯ ಮಕ್ಕಳೂ ಔರಸರೇ. ನಮ್ಮ ರಾಜ್ಯದಿಂದಲೇ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ, ಕೂಡುಕುಟುಂಬದ ಆಸ್ತಿಯಲ್ಲಿ ತಂದೆ ತಾಯಿಗೆ ಬರಬೇಕಾದ ಪಾಲಿನಲ್ಲಿಯೂ ಅಂಥ ಮಕ್ಕಳಿಗೆ ಹಕ್ಕಿದೆ ಎಂದು 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ಒಂದೇ ನೆಲದಲ್ಲಿ ಹುಟ್ಟಿದ ಎರಡು ಕೂಸುಗಳಿಗೆ ಜಾತಕದಂತೆ ಎರಡು ಕಾನೂನು ಏಕೆ? ಕ್ರೈಸ್ತ ಮಕ್ಕಳಿಗೂ ಈ ರಕ್ಷಣೆ ಸಿಗುವಂತೆ ಸಂಸತ್ತು ತಿದ್ದುಪಡಿ ತರಬೇಕು. ಇದಕ್ಕೆ ಧರ್ಮಸಭೆ ಅಡ್ಡಬರಲು ಕಾರಣವಿಲ್ಲ. ಅದರ ಸಂಹಿತೆಯ ಆಶಯವೂ ಇದೇ ಅಲ್ಲವೇ?

ಇದು ಪರರ ಮನೆಯ ಮಾತೆಂದು ನಾವು ಹಗುರವಾಗಿ ಕೂಡುವಂತಿಲ್ಲ. ನಮ್ಮ ಸೀಮೆಯ ಹಲವು ಜಾತಿಗಳಲ್ಲಿ ಸೋಡಚೀಟಿಯೂ ಇತ್ತು, ಉಡಿಕೆಯೂ ಇತ್ತು. ಆದರೂ ಉಡಿಕೆಯಾದವಳ ಮಗನೆಂದು ಬೆರಳು ತೋರಿಸುವವರೂ ಇದ್ದರು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ತಂದೆಯ ಹೆಸರಿನ ಕಲಮು ಬಂದಾಗ ಕೆಲವು ತಾಯಂದಿರ ದನಿ ಇಳಿಯುವುದನ್ನು ಶಿಕ್ಷಕರೆಲ್ಲ ಬಲ್ಲರು. 2015ರ ಜುಲೈ 6ರಂದು ಸುಪ್ರೀಂ ಕೋರ್ಟು ಕ್ರೈಸ್ತ ತಾಯಿಯೊಬ್ಬರ ಪ್ರಕರಣದಲ್ಲಿ, ಅವಿವಾಹಿತ ತಾಯಿ ತಂದೆಯ ಹೆಸರು ಹೇಳದೆಯೇ ಮಗುವಿನ ಪಾಲಕಳಾಗಬಹುದು ಎಂದಿತು. ನನ್ನ ಶಿಷ್ಯರಲ್ಲಿ ಶಿಕ್ಷಕರಾದವರು ಇದನ್ನು ನೆನಪಿಡಬೇಕು.

ಮರುಮದುವೆಯ ಯೋಚನೆಯಲ್ಲಿರುವವರಿಗೆ ಒಂದು ಕಿವಿಮಾತು. ಚರ್ಚಿನ ಪತ್ರವಿರಲಿ, ಪಂಚರ ಕಾಗದವಿರಲಿ, ನ್ಯಾಯಾಲಯದ ಡಿಕ್ರಿ ಕೈಗೆ ಬಂದಮೇಲೆಯೇ ಮುಂದಿನ ಹೆಜ್ಜೆಯಿಡಿರಿ. ಆ ವಿಳಂಬದ ಕಷ್ಟ ನಿಮಗೆ. ಅವಸರದ ಕಷ್ಟ ಹುಟ್ಟುವ ಮಗುವಿಗೆ.

ಉಳಿದವರಿಗೆ ಹಳೆಯ ಮೇಷ್ಟ್ರ ವ್ಯಾಕರಣದ ಪಾಠವೊಂದಿದೆ. 'ಅಕ್ರಮ' ಎಂಬ ವಿಶೇಷಣ ಮನುಷ್ಯರ ಕೃತ್ಯಕ್ಕೆ ಹೊಂದೀತು. 'ಸಂತಾನ' ಎಂಬ ಪದದ ಹಿಂದೆ ಅದನ್ನು ಎಂದೂ ಬರೆಯಬೇಡಿರಿ, ಆಡಲೂಬೇಡಿರಿ.