ವೈಯಾವೃತ್ಯ, ಸ್ವಾಧ್ಯಾಯ ಮತ್ತು ಹಾಡಿಯ ಮಕ್ಕಳು

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಆರು ಬಗೆಯ ಅಂತರಂಗ ತಪಸ್ಸುಗಳನ್ನು ಎಣಿಸುತ್ತದೆ. ಪ್ರಾಯಶ್ಚಿತ್ತ ಮತ್ತು ವಿನಯಗಳಾದ ಮೇಲೆ ಬರುವುದು ವೈಯಾವೃತ್ಯ, ಎಂದರೆ ಸೇವೆ. ಅದರ ಬೆನ್ನಿಗೇ ಬರುವುದು ಸ್ವಾಧ್ಯಾಯ, ಎಂದರೆ ಅಧ್ಯಯನ. ಈ ಎರಡೂ ಪಕ್ಕಪಕ್ಕದಲ್ಲಿ ನಿಂತಿರುವುದನ್ನು ಕೇವಲ ಪಟ್ಟಿಯ ಅನುಕ್ರಮವೆಂದು ಓದಿ ಮುಂದೆ ಸಾಗಬಹುದು. ಆದರೆ ಸೇವೆಯಿಂದ ಹದಗೊಂಡ ಮನಸ್ಸಿಗೆ ಓದು ಹತ್ತುತ್ತದೆ ಎಂಬ ಅನುಭವವೂ ಆ ಕ್ರಮದೊಳಗೆ ಅಡಗಿದೆಯೆಂದು ಭಾವಿಸಲು ಅವಕಾಶವಿದೆ. ಇಂದಿನ ಶಿಕ್ಷಣವು ಈ ಎರಡನ್ನೂ ಬೇರ್ಪಡಿಸಿಬಿಟ್ಟಿದೆ. ಓದು ಪರೀಕ್ಷೆಯ ಪಾಲಾಗಿದೆ, ಸೇವೆ ಪ್ರಮಾಣಪತ್ರದ ಪಾಲಾಗಿದೆ. ಈ ಬೇರ್ಪಡಿಕೆಯಿಂದ ಅತಿ ಹೆಚ್ಚು ನಷ್ಟಕ್ಕೊಳಗಾದವರನ್ನು ಕಾಣಬೇಕಾದರೆ ಮೈಸೂರು ಜಿಲ್ಲೆಯ ಪಶ್ಚಿಮದ ನಾಲ್ಕು ಸೀಮೆಗಳಾದ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆಗಳತ್ತ ನೋಡಬೇಕು.

ಚರಿತ್ರೆಯ ದೃಷ್ಟಿಯಿಂದ ಈ ಸೀಮೆ ಬಡವಾದುದಲ್ಲ. ಹೆಗ್ಗಡದೇವನಕೋಟೆಯ ಕಪಿಲಾ ತೀರದ ಕಿತ್ತೂರನ್ನು ವಿದ್ವಾಂಸರು ಪ್ರಾಚೀನ ಪುನ್ನಾಟ ರಾಜ್ಯದ ರಾಜಧಾನಿ ಕೀರ್ತಿಪುರವೆಂದು ಗುರುತಿಸಿದ್ದಾರೆ. ಟಾಲೆಮಿಯ ಭೂಗೋಳದಲ್ಲಿ ವೈಡೂರ್ಯಕ್ಕೆ ಹೆಸರಾದ ‘ಪೌನ್ನಾಟ’ ಇದೇ ನಾಡೆಂಬುದು ಬಹುಮಾನ್ಯ ಅಭಿಪ್ರಾಯ. 783ರಲ್ಲಿ ‘ಹರಿವಂಶಪುರಾಣ’ವನ್ನು ಮುಗಿಸಿದ ಜಿನಸೇನರು ದೂರದ ಪಶ್ಚಿಮ ಭಾರತದಲ್ಲಿ ಕುಳಿತು ಬರೆದರೂ ತಮ್ಮನ್ನು ಪುನ್ನಾಟ ಸಂಘದವರೆಂದೇ ಕರೆದುಕೊಂಡರು. ಹತ್ತನೆಯ ಶತಮಾನದ ಹರಿಷೇಣರ ‘ಬೃಹತ್ಕಥಾಕೋಶ’ದಲ್ಲಿ ಭದ್ರಬಾಹುವಿನ ಆಜ್ಞೆಯಂತೆ ಮುನಿಸಂಘವು ತಲುಪುವುದು ದಕ್ಷಿಣಾಪಥದ ಪುನ್ನಾಟ ವಿಷಯವನ್ನು. ಒಂದು ನಾಡಿನ ಹೆಸರನ್ನು ಅಲ್ಲಿಂದ ಹೊರಟವರು ಸಾವಿರ ಮೈಲಿಯಾಚೆಗೂ ಹೊತ್ತು ನಡೆದರು. ಅದೇ ನಾಡಿನಲ್ಲಿ ಇಂದು ಹುಟ್ಟಿದ ಮಗುವಿಗೆ ಆ ಹೆಸರು ಗೊತ್ತಿಲ್ಲ.

ಕೃಷ್ಣರಾಜನಗರದ, ಎಂದರೆ ಹಳೆಯ ಯಡತೊರೆಯ ಸೀಮೆಯಲ್ಲಿ ಹನಸೋಗೆ ಇದೆ. ಇಲ್ಲಿನ ಬಸದಿಗಳನ್ನು ಮೊದಲಿಗೆ ಸ್ಥಾಪಿಸಿದವನು ದಶರಥನ ಮಗನಾದ ರಾಮನೆಂಬ ಐತಿಹ್ಯವನ್ನು ಶಾಸನಗಳೇ ದಾಖಲಿಸಿವೆ. ಚೆಂಗಾಳ್ವರು ಅವುಗಳಿಗೆ ಆಶ್ರಯವಿತ್ತರು. ದೇಸಿಗಣ ಪುಸ್ತಕಗಚ್ಛದ ಹನಸೋಗೆ ಬಳಿಯ ಗುರುಪರಂಪರೆ ಘಟ್ಟವಿಳಿದು ಕಾರ್ಕಳಕ್ಕೂ ಹಬ್ಬಿತು. 1432ರಲ್ಲಿ ವೀರಪಾಂಡ್ಯನು ಅಲ್ಲಿ ಗೊಮ್ಮಟನನ್ನು ನಿಲ್ಲಿಸಿದಾಗ ಪ್ರೇರಕರಾಗಿದ್ದ ಲಲಿತಕೀರ್ತಿಗಳು ಈ ಪರಂಪರೆಯವರೇ. ಹನಸೋಗೆಯಿಂದ ಬಹುದೂರವಲ್ಲದ ಸಾಲಿಗ್ರಾಮದಲ್ಲಿ ರಾಮಾನುಜರ ನೆನಪಿದೆ. ಕಾವೇರಿ ಧುಮುಕುವ ಚುಂಚನಕಟ್ಟೆಯಲ್ಲಿ ಇನ್ನೊಂದು ರಾಮಕಥೆಯಿದೆ. ಕಪ್ಪಡಿಯಲ್ಲಿ ರಾಚಪ್ಪಾಜಿಯ ಜಾತ್ರೆ ನಡೆದು ಮಂಟೇಸ್ವಾಮಿ ಪರಂಪರೆಯ ನೀಲಗಾರರು ಹಾಡುತ್ತಾರೆ. ಒಂದೇ ಹೊಳೆಯ ದಡದಲ್ಲಿ ನಾಲ್ಕು ಪರಂಪರೆಗಳು ತಂತಮ್ಮ ನೆನಪುಗಳನ್ನು ನೆಟ್ಟಿವೆ. ಐತಿಹ್ಯ ಯಾವುದು, ಇತಿಹಾಸ ಯಾವುದು, ಒಂದು ಸಮುದಾಯವು ತನ್ನ ನೆಲೆಯನ್ನು ಕಥೆಯ ಮೂಲಕ ಹೇಗೆ ಗಟ್ಟಿಮಾಡಿಕೊಳ್ಳುತ್ತದೆ ಎಂಬುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇಕಿಲ್ಲ.

ಹುಣಸೂರು ಸೀಮೆಯಲ್ಲಿ ಗೊಮ್ಮಟಗಿರಿಯ ಬಾಹುಬಲಿಯಿದ್ದಾನೆ, ಕಲ್ಲಹಳ್ಳಿಯಿದೆ. ಚೆಂಗಾಳ್ವರ ಆಶ್ರಯದ ಮನೆತನಕ್ಕೆ ಸೇರಿದ ಮೂರನೆಯ ಮಂಗರಸನು ಹದಿನಾರನೆಯ ಶತಮಾನದ ಆರಂಭದಲ್ಲಿ ‘ಸಮ್ಯಕ್ತ್ವ ಕೌಮುದಿ’, ‘ಜಯನೃಪ ಕಾವ್ಯ’, ‘ನೇಮಿಜಿನೇಶ ಸಂಗತಿ’ಗಳ ಜೊತೆಗೆ ಅಡುಗೆಯನ್ನೇ ವಸ್ತುವಾಗುಳ್ಳ ‘ಸೂಪಶಾಸ್ತ್ರ’ವನ್ನೂ ಬರೆದನು. ಹಿಂದುಳಿದ ವರ್ಗಗಳ ಮಕ್ಕಳಿಗೆ ವಿದ್ಯಾರ್ಥಿನಿಲಯಗಳ ಬಾಗಿಲು ತೆರೆದ ಡಿ. ದೇವರಾಜ ಅರಸರ ಊರೂ ಕಲ್ಲಹಳ್ಳಿಯೇ. ಪಿರಿಯಾಪಟ್ಟಣವಂತೂ ಚೆಂಗಾಳ್ವರ ಕೋಟೆಯ ಊರು. ಕುಮಾರರಾಮನ ಕಥೆಯನ್ನು ಸಾಂಗತ್ಯದಲ್ಲಿ ಹೇಳಿದ ನಂಜುಂಡ ಕವಿ ಚೆಂಗಾಳ್ವ ಮನೆತನದ ಸಂಬಂಧವುಳ್ಳವನು. ‘ಸೂಪಶಾಸ್ತ್ರ’ದ ಭಕ್ಷ್ಯಗಳ ಹೆಸರನ್ನು ಹಿಡಿದು ಹುಣಸೂರಿನ ವಿದ್ಯಾರ್ಥಿನಿಯೊಬ್ಬಳು ತನ್ನ ಅಜ್ಜಿಯ ಒಲೆಯ ಮುಂದೆ ಕುಳಿತರೆ, ಷಟ್ಪದಿಯ ಹಳಗನ್ನಡ ಅವಳಿಗೆ ಪರೀಕ್ಷೆಯ ಭಯವಾಗಿ ಉಳಿಯುವುದಿಲ್ಲ. ಯಾವ ಹೆಸರು ಉಳಿದಿದೆ, ಯಾವುದು ರೂಪ ಬದಲಿಸಿದೆ, ಯಾವುದು ಅಳಿದಿದೆ ಎಂಬ ಪ್ರಶ್ನೆಗಳು ತಾವಾಗಿಯೇ ಹುಟ್ಟುತ್ತವೆ.

ಇಷ್ಟಾದರೂ ಒಂದು ಕಟುಸತ್ಯವನ್ನು ಮರೆಯುವಂತಿಲ್ಲ. ಶಾಸನವು ಕೊಟ್ಟವನ ಹೆಸರನ್ನೂ ಪಡೆದವನ ಹೆಸರನ್ನೂ ಬರೆಯುತ್ತದೆ. ಕಾಡಿನಲ್ಲಿ ಬದುಕಿದವನ ಹೆಸರನ್ನು ಅಪರೂಪಕ್ಕೂ ಬರೆಯುವುದಿಲ್ಲ. ಈ ಸೀಮೆಯ ಜೇನುಕುರುಬ, ಬೆಟ್ಟಕುರುಬ, ಯರವ ಸಮುದಾಯಗಳಿಗೆ ಕಲ್ಲಿನ ಮೇಲೆ ಚರಿತ್ರೆಯಿಲ್ಲ. ಕಾಕನಕೋಟೆಯ ಖೆಡ್ಡಾ ಜಗತ್ಪ್ರಸಿದ್ಧವಾಯಿತು. ಆನೆಯ ಜಾಡು ಬಲ್ಲವರ ಹೆಸರುಗಳು ಯಾವ ಮಹಾರಾಜರ ಅತಿಥಿಪಟ್ಟಿಯಲ್ಲೂ ಇಲ್ಲ. ಮಾಸ್ತಿಯವರು ‘ಕಾಕನಕೋಟೆ’ ನಾಟಕದಲ್ಲಿ ಕಾಡುಕುರುಬರ ಬದುಕನ್ನು ರಂಗಕ್ಕೆ ತಂದರು, ಸಿ.ಆರ್. ಸಿಂಹ ಅದನ್ನು ಚಲನಚಿತ್ರವಾಗಿಸಿದರು ಎಂಬುದು ಕನ್ನಡ ಸಾಹಿತ್ಯಕ್ಕೆ ಶೋಭೆ ತರುವ ಸಂಗತಿ. ಅದು ಹೊರಗಿನವರ ಕಣ್ಣಿನ ಚಿತ್ರವೆಂಬುದೂ ನಿಜ. ಪ್ರತಿವರ್ಷ ದಸರಾ ಗಜಪಯಣ ಹೊರಡುವುದು ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ. ಆನೆಗಳ ಮಾವುತರಲ್ಲಿ, ಕಾವಾಡಿಗಳಲ್ಲಿ ಜೇನುಕುರುಬರು ಬಹಳ ಮಂದಿ. ಅರಮನೆಯ ಆವರಣದಲ್ಲಿ ಅವರ ಮಕ್ಕಳಿಗೆಂದು ತಾತ್ಕಾಲಿಕ ಶಾಲೆಯೂ ನಡೆಯುತ್ತದೆ. ಆ ಶಾಲೆಯಲ್ಲಿ ಮಕ್ಕಳು ಓದುವ ಪಾಠದಲ್ಲಿ ದಸರೆಯ ವೈಭವವಿರಬಹುದು. ಆನೆಯನ್ನು ಮಾತಿನಿಂದ ಪಳಗಿಸುವ ಅಪ್ಪನ ವಿದ್ಯೆ ಇಲ್ಲ.

ನಾಗರಹೊಳೆಯ ಅರಣ್ಯದಿಂದಲೂ ಕಬಿನಿ ಜಲಾಶಯದ ಪ್ರದೇಶದಿಂದಲೂ ಎತ್ತಂಗಡಿಯಾದವರ ಕಥೆ ಇದಕ್ಕೆ ಸೇರುತ್ತದೆ. ಉಚ್ಚ ನ್ಯಾಯಾಲಯದ ಆದೇಶದಂತೆ ರಚಿತವಾದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ಸಲ್ಲಿಸಿದ ವರದಿಯು ಪುನರ್ವಸತಿಗೆ ಅರ್ಹವಾದ 3,418 ಗಿರಿಜನ ಕುಟುಂಬಗಳನ್ನು ಗುರುತಿಸಿತು. ಇಂಥ ಕುಟುಂಬಗಳಲ್ಲಿ ಹಲವು ಕೊಡಗಿನ ಕಾಫಿ ತೋಟಗಳ ಕೂಲಿಯನ್ನು ನೆಚ್ಚಿವೆ. ತೋಟದ ಕೆಲಸದ ದಿನಗಳಲ್ಲಿ ಹಾಡಿ ಬರಿದಾಗುತ್ತದೆ, ತಂದೆತಾಯಿಯ ಜೊತೆ ಮಕ್ಕಳೂ ಹೊರಡುತ್ತಾರೆ, ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಗುರುತುಗಳು ಸಾಲುಗಟ್ಟುತ್ತವೆ. ಮಕ್ಕಳಿಗೆ ಓದಿನಲ್ಲಿ ಆಸಕ್ತಿಯಿಲ್ಲವೆಂದು ಅಧಿಕಾರಿಗಳು ಷರಾ ಬರೆಯುತ್ತಾರೆ. ಬಡತನವೂ ದೂರವೂ ಮೊದಲ ಕಾರಣಗಳೆಂಬುದರಲ್ಲಿ ಸಂದೇಹವಿಲ್ಲ. ತನ್ನ ಮನೆಯ ಮಾತು, ದೈವ, ಹಾಡು, ಹಿರಿಯರು ಯಾವುದೂ ಇಲ್ಲದ ಪುಸ್ತಕವು ಆ ಮಗುವಿಗೆ ಯಾವ ಕರೆಯನ್ನೂ ಕೊಡುವುದಿಲ್ಲ ಎಂಬುದು ಎರಡನೆಯ ಕಾರಣ. ಇದರ ಬಗ್ಗೆ ಮಾತ್ರ ಯಾರೂ ಷರಾ ಬರೆಯುವುದಿಲ್ಲ.

ಈ ಮಾತಿಗೆ ಸಾಕ್ಷಿ ಅದೇ ಸೀಮೆಯಲ್ಲಿದೆ. 1960ರ ದಶಕದ ಆರಂಭದಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಬಂದು ನೆಲೆಸಿದ ಟಿಬೆಟಿನ ನಿರಾಶ್ರಿತರು ಕಾಡು ಕಡಿದು ಹೊಲ ಮಾಡಿದ ಕಷ್ಟದ ದಿನಗಳಲ್ಲೇ ಮಠಗಳನ್ನೂ ಶಾಲೆಗಳನ್ನೂ ಕಟ್ಟಿಕೊಂಡರು. ತಮ್ಮ ಲಿಪಿ, ಗ್ರಂಥ, ಚರಿತ್ರೆಗಳನ್ನು ಮಕ್ಕಳಿಗೆ ಕಲಿಸುವುದನ್ನು ಅನ್ನದಷ್ಟೇ ಅಗತ್ಯವೆಂದು ತಿಳಿದರು. ನಾಡು ಕಳೆದುಕೊಂಡು ಬಂದವರ ಮಕ್ಕಳು ತಮ್ಮ ಚರಿತ್ರೆಯನ್ನು ಬಲ್ಲರು. ನಾಡಿನ ಮೂಲನಿವಾಸಿಗಳ ಮಕ್ಕಳು ಅದರಿಂದ ವಂಚಿತರು. ಎರಡು ಸಮುದಾಯಗಳಿಗೆ ದೊರೆತ ನೆರವು, ಸಂಘಟನೆ, ಲಿಖಿತ ಪರಂಪರೆಗಳು ಸಮಾನವಲ್ಲ. ಆದ್ದರಿಂದ ಹೋಲಿಕೆಯನ್ನು ಎಳೆದಾಡಬಾರದು. ಆದರೂ ಈ ವೈದೃಶ್ಯವು ಯೋಚನೆಗೆ ಹಚ್ಚದೆ ಇರದು.

ಹೊರಗಿನ ಜಗತ್ತಿನಲ್ಲೂ ಇದೇ ಪ್ರಶ್ನೆ ಎದ್ದಿದೆ. ಅಮೆರಿಕದ ಲ್ಯಾಟಿನೊ ಸಮುದಾಯದ ವಿದ್ಯಾರ್ಥಿಗಳು 1968ರಲ್ಲಿ ಪೂರ್ವ ಲಾಸ್ ಏಂಜಲೀಸ್‌ನ ಶಾಲೆಗಳಿಂದ ಹೊರನಡೆದಾಗ ಅವರ ಬೇಡಿಕೆಗಳಲ್ಲಿ ತಮ್ಮ ಜನರ ಚರಿತ್ರೆಯ ಪಾಠವೂ ಒಂದಾಗಿತ್ತು. ಅರಿಝೋನಾದ ಟ್ಯೂಸಾನ್ ನಗರದ ಶಾಲೆಗಳಲ್ಲಿ ನಡೆಯುತ್ತಿದ್ದ ಮೆಕ್ಸಿಕನ್-ಅಮೆರಿಕನ್ ಅಧ್ಯಯನದ ತರಗತಿಗಳನ್ನು 2010ರ ಒಂದು ಕಾನೂನಿನ ಬಲದಿಂದ 2012ರಲ್ಲಿ ಮುಚ್ಚಿಸಲಾಯಿತು. ಜನಾಂಗದ್ವೇಷವೇ ಅದರ ಹಿಂದಿತ್ತೆಂದು 2017ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. ಆ ತರಗತಿಗಳಲ್ಲಿ ಕಲಿತವರು ಪರೀಕ್ಷೆಗಳಲ್ಲಿ ತೇರ್ಗಡೆಯಾಗುವ, ಪ್ರೌಢಶಿಕ್ಷಣವನ್ನು ಪೂರೈಸುವ ಸಾಧ್ಯತೆ ಹೆಚ್ಚೆಂದು ಸಂಶೋಧಕರು ಕಂಡುಕೊಂಡಿದ್ದರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಡಿಮೆ ಅಂಕದ ವಿದ್ಯಾರ್ಥಿಗಳಿಗೆ ಇಂಥದೇ ಜನಾಂಗೀಯ ಅಧ್ಯಯನದ ಪಾಠವನ್ನು ಕೊಟ್ಟಾಗ ಹಾಜರಿಯಲ್ಲಿ 21 ಶೇಕಡಾಂಶಗಳ ಏರಿಕೆ ಕಂಡುಬಂದುದನ್ನು ಡೀ ಮತ್ತು ಪೆನ್ನರ್ ಎಂಬ ವಿದ್ವಾಂಸರು 2017ರಲ್ಲಿ ಪ್ರಕಟಿಸಿದರು. ಚರಿತ್ರೆಯ ಪಾಠ ಗಣಿತವನ್ನು ಕಲಿಸುವುದಿಲ್ಲ. ಗಣಿತದ ತರಗತಿಗೂ ಬರುವ ಮನಸ್ಸನ್ನು ಕೊಡುತ್ತದೆ ಎಂಬುದು ಇದರ ಸಾರ.

ಇನ್ನು ಸೇವೆಯ ಮಾತು. 1969ರಲ್ಲಿ, ಗಾಂಧೀಜಿಯವರ ಜನ್ಮಶತಮಾನೋತ್ಸವದ ವರ್ಷ, ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯು ಪ್ರತಿ ಸ್ವಯಂಸೇವಕನಿಂದ ವರ್ಷಕ್ಕೆ 120 ಗಂಟೆಗಳ ಸೇವೆಯನ್ನು ಬಯಸುತ್ತದೆ; ಏಳು ದಿನಗಳ ವಿಶೇಷ ಶಿಬಿರವನ್ನೂ ನಡೆಸುತ್ತದೆ. ಹಲವು ಶಿಬಿರಗಳು ರಸ್ತೆ ಗುಡಿಸುವುದರಲ್ಲಿ ಮೊದಲಾಗಿ ಸಮಾರೋಪದ ಭಾಷಣದಲ್ಲಿ ಮುಗಿಯುತ್ತವೆ. ಅದೇ ಏಳು ದಿನಗಳಲ್ಲಿ ಒಂದು ಊರಿನ ವೀರಗಲ್ಲು, ಮಾಸ್ತಿಗಲ್ಲು, ಶಾಸನಗಳ ಪಟ್ಟಿ ಮಾಡಬಹುದು. ಬಣ್ಣ ಬಳಿಯದೆ, ಸೀಮೆಸುಣ್ಣ ತಿಕ್ಕದೆ, ನೀರು ಮತ್ತು ಮೆತ್ತನೆಯ ಕುಂಚದಿಂದಷ್ಟೇ ಕಲ್ಲನ್ನು ತೊಳೆಯುವುದನ್ನು ಕಲಿಯಬಹುದು. ಬಿ.ಎಲ್. ರೈಸ್ ಅವರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಅಚ್ಚು ಹಾಕಿಸಿದ ಪಾಠವನ್ನು, ಮೈಸೂರು ವಿಶ್ವವಿದ್ಯಾನಿಲಯ 1970ರ ದಶಕದಲ್ಲಿ ಹೊರತಂದ ಪರಿಷ್ಕೃತ ಸಂಪುಟಗಳ ಪಾಠದೊಂದಿಗೆ ಸ್ಥಳದಲ್ಲೇ ಹೋಲಿಸಿ, ಈಗ ಎಷ್ಟು ಅಕ್ಷರಗಳು ಉಳಿದಿವೆಯೆಂದು ಗುರುತಿಸಬಹುದು. ಹಾಡಿಗಳಲ್ಲಿ ಹಿರಿಯರ ಅನುಮತಿ ಪಡೆದು ಹಾಡು, ಕಥೆ, ಜೇನು ಮತ್ತು ಗಿಡಮೂಲಿಕೆಗಳ ತಿಳಿವಳಿಕೆಯನ್ನು ಧ್ವನಿಮುದ್ರಿಸಿ, ಮೊದಲ ಪ್ರತಿಯನ್ನು ಹಾಡಿಗೇ ಒಪ್ಪಿಸಬಹುದು. ಇಂಥ ಕೆಲಸದಲ್ಲಿ ಕಾಲೇಜಿನ ಪಟ್ಟಣಿಗ ಹುಡುಗನಿಗಿಂತ ಹಾಡಿಯ ಹುಡುಗಿ ಹೆಚ್ಚು ಬಲ್ಲವಳು. ಜೀವನದಲ್ಲಿ ಮೊದಲ ಬಾರಿಗೆ ಅವಳು ತರಗತಿಯ ಕೊನೆಯ ಸಾಲಿನಿಂದೆದ್ದು ಗುಂಪಿಗೆ ದಾರಿ ತೋರುತ್ತಾಳೆ.

ಸ್ವಯಂಸೇವೆಯ ಬಲವನ್ನು ಈ ಸೀಮೆ ಕಂಡಿದೆ. ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ಆಸ್ಪತ್ರೆಯನ್ನೂ ಹೊಸಹಳ್ಳಿಯ ಗಿರಿಜನ ಶಾಲೆಯನ್ನೂ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಆರಂಭವಾದುದು 1984ರಲ್ಲಿ, ಮೈಸೂರಿನ ವೈದ್ಯಕೀಯ ವಿದ್ಯಾರ್ಥಿಗಳಿಂದ. ಇನ್ನೂ ಹಿಂದಕ್ಕೆ ಹೋದರೆ, ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯ ಶಾಸ್ತ್ರದಾನವೂ ಸ್ವಇಚ್ಛೆಯ ಸಾಂಸ್ಕೃತಿಕ ಸೇವೆಯೇ. ಗ್ರಂಥ ಉಳಿದುದು ಅರಸರ ಆಜ್ಞೆಯಿಂದಲ್ಲ, ಒಬ್ಬ ಶ್ರಾವಿಕೆಯ ಕಾಳಜಿಯಿಂದ.

ಆಕ್ಷೇಪಗಳು ಇಲ್ಲದಿಲ್ಲ. ಬಡವರ ಮಕ್ಕಳಿಂದ ಬಿಟ್ಟಿ ದುಡಿಮೆ ಮಾಡಿಸಲು ಸೇವೆಯೆಂಬ ಹೆಸರು ಅನುಕೂಲವಾಗಬಹುದು. ಈ ಆತಂಕ ನ್ಯಾಯವಾದುದು; ಆಶ್ರಮ ಶಾಲೆಯ ಮಗುವಿನಿಂದ ಅಂಗಳ ಗುಡಿಸಿಸುವುದು ಸೇವೆಯಲ್ಲ. ಯಾವ ಕೆಲಸದಿಂದ ಮಾಡುವವನ ತಿಳಿವಳಿಕೆ ಬೆಳೆಯುವುದಿಲ್ಲವೋ ಅದನ್ನು ಈ ಲೆಕ್ಕಕ್ಕೆ ಹಿಡಿಯಬಾರದು. ಎರಡನೆಯದಾಗಿ, ಸ್ಥಳೀಯ ಚರಿತ್ರೆ ಬೇಗನೆ ಜಾತಿಯ ಹೆಮ್ಮೆಯಾಗಿ, ಮತದ ಹಕ್ಕೊತ್ತಾಯವಾಗಿ ಕೆಡಬಲ್ಲದು. ಹನಸೋಗೆಯ ರಾಮನೋ ಚುಂಚನಕಟ್ಟೆಯ ರಾಮನೋ ನಿಜವೆಂಬ ಜಗಳಕ್ಕೆ ವಿದ್ಯಾರ್ಥಿಗಳನ್ನು ಹೂಡಿದರೆ ಕಲಿಕೆ ಅಲ್ಲಿಗೇ ಸತ್ತಂತೆ. ಅದಕ್ಕೆ ಮದ್ದು ಚರಿತ್ರೆಯನ್ನು ಕೈಬಿಡುವುದಲ್ಲ, ಆಧಾರವನ್ನು ಕೇಳುವ ಅಭ್ಯಾಸವನ್ನು ಕಲಿಸುವುದು. ಸ್ವಾಧ್ಯಾಯದ ಐದು ಅಂಗಗಳಲ್ಲಿ ವಾಚನೆಯಾದ ಕೂಡಲೇ ಬರುವುದು ಪೃಚ್ಛನೆ. ಓದಿದ ಮೇಲೆ ಪ್ರಶ್ನಿಸಬೇಕು, ಅನಂತರವೇ ಅನುಪ್ರೇಕ್ಷೆ, ಆಮ್ನಾಯ, ಉಪದೇಶ. ಮೂರನೆಯದಾಗಿ, ಎತ್ತಂಗಡಿಯ ಕಥೆಯನ್ನು ಎಳೆಯರಿಗೆ ಹೇಳಿದರೆ ಕಹಿ ಬೆಳೆಯುತ್ತದೆಂಬ ಮಾತಿದೆ. ಆ ಕಹಿಯನ್ನು ಮಕ್ಕಳು ಮನೆಯಲ್ಲಿ ಈಗಾಗಲೇ ಉಂಡಿದ್ದಾರೆ. ಶಾಲೆ ಮೌನವಾಗಿದ್ದರೆ ಅದು ಕಡಿಮೆಯಾಗದು, ಶಾಲೆಯ ಮೇಲಿನ ನಂಬಿಕೆ ಮಾತ್ರ ಕಡಿಮೆಯಾಗುತ್ತದೆ.

ವೈಯಾವೃತ್ಯಕ್ಕೆ ಪಾತ್ರರಾದ ಹತ್ತು ಬಗೆಯವರನ್ನು ತತ್ತ್ವಾರ್ಥಸೂತ್ರ ಹೆಸರಿಸುತ್ತದೆ. ಆಚಾರ್ಯ, ಉಪಾಧ್ಯಾಯ, ತಪಸ್ವಿಗಳ ಬಳಿಕ ಬರುವವನು ಶೈಕ್ಷ, ಎಂದರೆ ಇನ್ನೂ ಕಲಿಯುತ್ತಿರುವವನು. ಸಂಘದ ಸಂದರ್ಭದಲ್ಲಿ ಹೇಳಿದ ಈ ಮಾತು ಸಮಾಜಕ್ಕೂ ಸಲ್ಲುತ್ತದೆ. ವಿದ್ಯಾರ್ಥಿಗಳು ಸೇವೆ ಮಾಡಬೇಕೆಂದು ಬಯಸುವ ಮುನ್ನ ವಿದ್ಯಾರ್ಥಿಯೇ ಸೇವೆಗೆ ಅರ್ಹನೆಂಬುದನ್ನು ಒಪ್ಪಿಕೊಳ್ಳಬೇಕು. ನಾಲ್ಕು ಸೀಮೆಗಳ ಮಕ್ಕಳಿಗೆ ಸಲ್ಲಬೇಕಾದ ಮೊದಲ ಸೇವೆಯನ್ನು ಮಾಡಬೇಕಾದವರು ಸಂಶೋಧಕರು ಮತ್ತು ಸಾಹಿತ್ಯದ ವಿದ್ಯಾರ್ಥಿಗಳು. ಸಂಪುಟಗಳಲ್ಲಿ ಹುದುಗಿರುವ ಪುನ್ನಾಟವನ್ನೂ ಹನಸೋಗೆಯನ್ನೂ ತಿಳಿಗನ್ನಡದಲ್ಲಿ ಶಾಲೆಯ ಬಾಗಿಲಿಗೆ ತಲುಪಿಸುವುದು ಅವರ ಪಾಲಿನ ಕೆಲಸ. ಹಾಡಿಯ ಹಿರಿಯರು ಬಾಯಲ್ಲಿ ಉಳಿಸಿಕೊಂಡಿರುವುದನ್ನು ಶಾಸನದಷ್ಟೇ ಗೌರವದಿಂದ ಬರೆದಿಡುವುದು ಅದರ ಇನ್ನೊಂದು ಭಾಗ. ಶಾಸನದ ಕಲ್ಲು ಮಳೆಗಾಳಿಗೆ ಸವೆಯುತ್ತ ಇನ್ನೂ ಕೆಲವು ಕಾಲ ನಿಂತೀತು. ಹಾಡು ಬಲ್ಲ ಅಜ್ಜಿಗೆ ಅಷ್ಟು ಕಾಲಾವಕಾಶವಿಲ್ಲ.