ಬಿತ್ತನೆಯ ಕಾಳು

ಸ್ಪೇನ್ ದೇಶದ ಬಾರ್ಸಿಲೋನಾ ಫುಟ್‌ಬಾಲ್ ಕ್ಲಬ್ಬು ಯಾವೊಬ್ಬ ಸಾಹುಕಾರನ ಸೊತ್ತೂ ಅಲ್ಲ. 1899ರಲ್ಲಿ ಹುಟ್ಟಿದ ಆ ಸಂಸ್ಥೆಗೆ ಲಕ್ಷಕ್ಕೂ ಮಿಕ್ಕ ಸದಸ್ಯರೇ ಒಡೆಯರು. ಅಧ್ಯಕ್ಷನನ್ನು ಆರಿಸತಕ್ಕವರೂ ಅವರೇ. ಆದುದರಿಂದ ಅದರ ಏಳುಬೀಳುಗಳು ಆಟದ ಪ್ರಿಯರಿಗೆ ಮಾತ್ರವಲ್ಲದೆ, ಹತ್ತು ಜನರ ಸೊತ್ತನ್ನು ನಡೆಯಿಸುವ ಎಲ್ಲರಿಗೂ ವಿಚಾರಾರ್ಹವಾಗಿವೆ.

ಈ ಕ್ಲಬ್ಬಿನ ನಿಜವಾದ ಐಶ್ವರ್ಯವು ಬೆಳೆದುದು ಒಂದು ಹಳೆಯ ಒಕ್ಕಲುಮನೆಯಲ್ಲಿ. ‘ಲಾ ಮಾಸಿಯಾ’ ಎಂಬ ಹೆಸರಿಗೆ ಅರ್ಥವೂ ಅದೇ. 1979ರಲ್ಲಿ ಆ ಮನೆಯು ಎಳೆಯ ಆಟಗಾರರ ವಸತಿಗೃಹವಾಯಿತು. ಅಲ್ಲಿ ಬಿತ್ತಿದುದು ಒಂದೆರಡು ವರ್ಷಗಳಲ್ಲಿ ಫಲ ಕೊಡಲಿಲ್ಲ. ಆದರೆ 2010ರಲ್ಲಿ ಲೋಕದ ಶ್ರೇಷ್ಠ ಆಟಗಾರನ ಪ್ರಶಸ್ತಿಗೆ ಕಡೆಯವರೆಗೆ ಉಳಿದ ಮೆಸ್ಸಿ, ಇನಿಯೆಸ್ಟಾ, ಶಾವಿ ಈ ಮೂವರೂ ಅದೇ ಗರಡಿಯಲ್ಲಿ ಪಳಗಿದವರು. 2012ರ ನವೆಂಬರಿನಲ್ಲಿ ಲೆವಾಂತೆಯೊಡನೆ ನಡೆದ ಪಂದ್ಯದ ಬಹುಭಾಗದಲ್ಲಿ ಮೈದಾನದಲ್ಲಿದ್ದ ಹನ್ನೊಂದು ಮಂದಿಯೂ ಅಲ್ಲಿಯ ಶಿಷ್ಯರೇ.

ಇಂಥ ಮನೆಗೆ ವಿಪತ್ತು ಬಂದುದು ಕೈತುಂಬ ಹಣ ಬಂದ ದಿನದಿಂದ ಎಂಬುದು ವಿಚಿತ್ರವಾದರೂ ಸತ್ಯ. 2017ರಲ್ಲಿ ನೆಯ್ಮಾರನನ್ನು ಪ್ಯಾರಿಸ್ಸಿನ ಕ್ಲಬ್ಬು 22 ಕೋಟಿ 20 ಲಕ್ಷ ಯೂರೋ ತೆತ್ತು ಕರೆದೊಯ್ದಿತು. ತೆರವಾದ ಸ್ಥಾನವನ್ನು ತುಂಬುವ ಆತುರದಲ್ಲಿ, 2017ರಿಂದ 2019ರ ಒಳಗೆ ಡೆಂಬೆಲೆ, ಕುಟಿನ್ಹೊ, ಗ್ರೀಜ್ಮನ್ ಎಂಬ ಮೂವರನ್ನು ತಲೆಗೆ 10 ಕೋಟಿ ಯೂರೋಗಳಿಗೂ ಮೀರಿದ ಬೆಲೆಗೆ ಕೊಳ್ಳಲಾಯಿತು. ಇಂಥ ಬೆಲೆಯನ್ನು ಕರಾರಿನ ವರ್ಷಗಳಿಗೆ ಹಂಚಿ ಲೆಕ್ಕ ಬರೆಯುವುದು ಫುಟ್‌ಬಾಲಿನ ರೂಢಿ. ಆದುದರಿಂದ ಕೊಂಡ ವರ್ಷ ಹೊರೆ ಹಗುರವಾಗಿ ತೋರುತ್ತದೆ. ಜಯಕಾರ ಇಂದಿನ ಅಧಿಕಾರಿಗಳಿಗೆ, ಭಾರ ಮುಂದಿನವರಿಗೆ.

2020ರಲ್ಲಿ ಸಾಂಕ್ರಾಮಿಕವು ಕ್ರೀಡಾಂಗಣಗಳ ಬಾಗಿಲು ಮುಚ್ಚಿಸಿದಾಗ ಈ ಕಟ್ಟಡದ ಬಿರುಕು ಬಯಲಾಯಿತು. 2021ರ ಆಗಸ್ಟಿನಲ್ಲಿ ಅಧ್ಯಕ್ಷ ಲಾಪೋರ್ತಾ ಅವರು ಸಾಲವು 135 ಕೋಟಿ ಯೂರೋ ಎಂದೂ, ಸಂಬಳದ ಹೊರೆಯು ಆದಾಯದ ನೂರಕ್ಕೆ 103ರಷ್ಟೆಂದೂ ಸಾರಿದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ನಮ್ಮ ಹಿರಿಯರ ಮಾತನ್ನು ಮೀರಿದುದಕ್ಕೆ ತೆತ್ತ ದಂಡವು ಅಲ್ಪವೆ? ಹದಿಮೂರರ ಹರೆಯದಲ್ಲಿ ಬಂದು ಸೇರಿದ ಮೆಸ್ಸಿಯನ್ನು, ಆತನು ಉಳಿಯಲು ಒಪ್ಪಿದ್ದರೂ, ಲೀಗಿನ ಸಂಬಳಮಿತಿಯ ದೆಸೆಯಿಂದ ಉಳಿಸಿಕೊಳ್ಳಲಾಗಲಿಲ್ಲ. ಕೊಂಡವರ ಭಾರಕ್ಕೆ ಬೆಳೆಸಿದವನು ಹೊರನಡೆಯಬೇಕಾಯಿತು.

ಇಷ್ಟಾದ ಮೇಲೂ 2022ರಲ್ಲಿ ಕ್ಲಬ್ಬು ತನ್ನ ಲೀಗ್ ಪಂದ್ಯಗಳ ದೂರದರ್ಶನದ ಉತ್ಪನ್ನದಲ್ಲಿ ನೂರಕ್ಕೆ 25ರ ಪಾಲನ್ನು 25 ವರ್ಷಗಳ ಕಾಲಕ್ಕೆ ಮಾರಿತು. ಆ ಬೇಸಗೆಯಲ್ಲಿಯೇ ಲೆವಾಂಡೋಸ್ಕಿ, ರಫೀನ್ಯಾ, ಕೂಂಡೆ ಮುಂತಾದವರು ಬಂದರು. ಮರುವರ್ಷವೇ ಲೀಗ್ ಗೆದ್ದೆವಲ್ಲ, ಗೆಲ್ಲದಿದ್ದರೆ ಪ್ರೇಕ್ಷಕರೂ ಆದಾಯವೂ ಎಲ್ಲಿಂದ ಬರಬೇಕು ಎಂದು ಇದರ ಸಮರ್ಥಕರು ಕೇಳುತ್ತಾರೆ. ಈ ವಾದದಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಆಟಗಾರನ ಕಾಲಿನ ಕಸುವು ಐದಾರು ವರ್ಷದ್ದು. ಮಾರಿದ ಪಾಲು ಕಾಲು ಶತಮಾನದ್ದು. ಆ ಪಾಲಿಲ್ಲದೆ ಮನೆ ನಡೆಯಿಸಬೇಕಾದವರಲ್ಲಿ ಅನೇಕರು ಅಂದು ಇನ್ನೂ ತೊಟ್ಟಿಲಲ್ಲಿದ್ದರು.

ಕೊಳ್ಳುವುದೇ ದೋಷವೆಂದು ನಮ್ಮ ಅಭಿಪ್ರಾಯವಲ್ಲ. ಕುಟಿನ್ಹೊನನ್ನು ಮಾರಿದ ಲಿವರ್‌ಪೂಲ್ ಕ್ಲಬ್ಬು ಅದೇ 2018ರಲ್ಲಿ ವಾನ್ ಡೈಕ್, ಆಲಿಸನ್ ಎಂಬಿಬ್ಬರನ್ನು ದುಬಾರಿ ಬೆಲೆಗೇ ತಂದಿತು. ಆದರೆ ತನಗಿದ್ದ ಕೊರತೆಯನ್ನು ಅರಿತು, ಮಾರಿದ ಹಣದ ಅಳತೆಯಲ್ಲಿ ತಂದಿತು. 2019ರ ಮೇ ತಿಂಗಳಲ್ಲಿ ಬಾರ್ಸಿಲೋನಾವನ್ನೇ 4-0ಯಿಂದ ಸೋಲಿಸಿ, ಮುಂದೆ ಯೂರೋಪಿನ ಕಿರೀಟ ಧರಿಸಿತು. ಸಾಲವೆಲ್ಲವೂ ಕೆಟ್ಟದ್ದೆಂದೂ ಅಲ್ಲ. 2023ರಲ್ಲಿ ಕ್ಯಾಂಪ್ ನೌ ಕ್ರೀಡಾಂಗಣದ ಪುನರ್ನಿರ್ಮಾಣದ ಯೋಜನೆಗಾಗಿ ಎತ್ತಿದ 145 ಕೋಟಿ ಯೂರೋ ದೊಡ್ಡ ಮೊತ್ತವೇ ಸರಿ. ಆದರೆ ಕ್ರೀಡಾಂಗಣವು ಗಾಯಗೊಂಡು ಕೂರುವುದಿಲ್ಲ, ಕರಾರು ಮುಗಿಯಿತೆಂದು ಹೊರಟುಹೋಗುವುದೂ ಇಲ್ಲ. ಬಾವಿ ತೋಡಲು ಮಾಡಿದ ಸಾಲವೂ ಜಾತ್ರೆಗೆ ಮಾಡಿದ ಸಾಲವೂ ಒಂದೇ ಆಗಲಾರವು.

ಈ ಕಷ್ಟಗಳ ನಡುವೆ ಕ್ಲಬ್ಬನ್ನು ಎತ್ತಿಹಿಡಿದುದು ಮತ್ತೆ ಆ ಹಳೆಯ ಬಿತ್ತನೆಯೇ. ಲಮೀನ್ ಯಮಾಲ್ 2023ರ ಏಪ್ರಿಲಿನಲ್ಲಿ ಹದಿನೈದರ ಹರೆಯದಲ್ಲಿ ಮೊದಲ ತಂಡಕ್ಕೆ ಇಳಿದನು. ಗಾವಿ, ಬಾಲ್ಡೆ, ಕುಬಾರ್ಸಿ ಅದೇ ಗರಡಿಯ ಹುಡುಗರು. ಇಂಥವರ ಬಲದಿಂದಲೇ 2024-25ರ ಲೀಗ್ ಕೈಗೆ ಬಂದಿತು. ಇವರನ್ನು ಬೆಳೆಸಲು ತಗುಲಿದ ವೆಚ್ಚವನ್ನು ಹೊರಗಿನಿಂದ ತಂದ ಒಬ್ಬೊಬ್ಬರ ಬೆಲೆಯೊಡನೆ ತೂಗಿ ನೋಡಿದರೆ ಬೇರೆ ಸಾಕ್ಷಿ ಬೇಡ.

ಆದರೆ ತಪ್ಪೆಲ್ಲವನ್ನೂ ಅಧ್ಯಕ್ಷರುಗಳ ತಲೆಗೆ ಕಟ್ಟಿ ಸದಸ್ಯರು ಕೈತೊಳೆದುಕೊಳ್ಳುವಂತಿಲ್ಲ. 2022ರ ಮಾರಾಟಕ್ಕೆ ಅನುಮತಿಯಿತ್ತುದು ಸದಸ್ಯ ಪ್ರತಿನಿಧಿಗಳ ಸಭೆಯೇ. ಶಾಶ್ವತವಾದ ಉತ್ಪನ್ನವನ್ನು ಮಾರಿದ ಹಣವು ಹಳೆಯ ಸಾಲದ ತೀರುವೆಗೋ ಶಾಶ್ವತವಾದ ಕೆಲಸಕ್ಕೋ ಮಾತ್ರ ಸಲ್ಲಬೇಕೆಂದು ಅದೇ ಸಭೆಯು ಕಟ್ಟುಮಾಡಲಿ. ಆಟಗಾರರ ಖರೀದಿಯು ವರ್ಷದ ಗಳಿಕೆಯ ಮಿತಿಯಲ್ಲಿ ನಡೆಯಲಿ. ಒಡೆತನವೆಂದರೆ ಗೆದ್ದ ದಿನ ಕುಣಿಯುವ ಹಕ್ಕು ಮಾತ್ರವಲ್ಲ, ಲೆಕ್ಕ ಕೇಳುವ ಹೊಣೆಯೂ ಹೌದು. ಹಬ್ಬದ ಊಟಕ್ಕಾಗಿ ಬಿತ್ತನೆಯ ಕಾಳನ್ನು ಬೇಯಿಸಿದ ಒಕ್ಕಲು ಮುಂಗಾರು ಬಂದಾಗ ಬರಿಗೈಯಲ್ಲಿ ಹೊಲದ ಬದುವಿನ ಮೇಲೆ ನಿಲ್ಲಬೇಕಾಗುತ್ತದೆ.