ವೈನಿನ ರುಚಿಪರೀಕ್ಷೆಯೂ ದ್ರಾಕ್ಷಿಯ ಬೆಳೆಗಾರನೂ

ನಂದಿಬೆಟ್ಟದ ಸುತ್ತಣ ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ ಸೀಮೆಗಳಲ್ಲಿ ಬೆಂಗಳೂರು ನೀಲಿ ದ್ರಾಕ್ಷಿಯ ಬೇಸಾಯವು ಬಹುಕಾಲದಿಂದ ನಡೆದುಬಂದಿರುವುದು ಸರ್ವರಿಗೂ ತಿಳಿದ ವಿಷಯ. ಇದೇ ಸೀಮೆಯಲ್ಲಿ 1988ನೆಯ ಇಸವಿಯಲ್ಲಿ ಗ್ರೋವರ್ ಕಂಪನಿಯು ಸ್ಥಾಪಿತವಾಗಿ, ಫ್ರಾನ್ಸ್ ದೇಶದ ದ್ರಾಕ್ಷಿ ಜಾತಿಗಳಿಂದ ವೈನ್ ತಯಾರಿಸುವ ಉದ್ಯಮವು ಬೇರೂರಿತು. 2007ರಲ್ಲಿ ಕರ್ನಾಟಕ ಸರ್ಕಾರವು ವೈನಿಗಾಗಿ ಪ್ರತ್ಯೇಕ ನೀತಿಯನ್ನು ಪ್ರಕಟಿಸಿತು. ಇಂತಹ ಜಾತಿಗಳನ್ನು ತಾವೂ ನೆಡಬೇಕೆಂಬ ಆಶೆಯು ಭೂಮಾಲಿಕರಲ್ಲಿ ಹುಟ್ಟುವುದು ಸಹಜವೇ. ಆದರೆ ನೆಡುವುದಕ್ಕೆ ಮುಂಚೆ ವೈನ್ ಕಾರ್ಖಾನೆಯ ರುಚಿಪರೀಕ್ಷೆಯನ್ನು ಕಣ್ಣಾರೆ ಕಂಡುಬರುವುದು ಅತ್ಯಾವಶ್ಯಕವಾಗಿದೆ.

ಆ ಪರೀಕ್ಷೆಯ ಕ್ರಮವು ಹೀಗಿರುವುದು: ಮೊದಲು ಬಿಳಿಯ ವೈನುಗಳನ್ನೂ, ಅನಂತರ ನಸುಗೆಂಪಿನವನ್ನೂ, ಕಡೆಯಲ್ಲಿ ಕೆಂಪಿನವನ್ನೂ ಇಡುವರು. ಪರೀಕ್ಷಕನು ಲೋಟವನ್ನು ಬೆಳಕಿಗೆ ಹಿಡಿದು ಬಣ್ಣವನ್ನು ನೋಡುತ್ತಾನೆ, ಅಲ್ಲಾಡಿಸಿ ಮೂಸುತ್ತಾನೆ, ಒಂದು ಗುಟುಕನ್ನು ಬಾಯಲ್ಲಿ ಹೊರಳಿಸಿ ಹುಳಿ, ಸಿಹಿ, ಒಗರುಗಳನ್ನು ತೂಗಿ, ಬಳಿಕ ಪಾತ್ರೆಯಲ್ಲಿ ಉಗುಳಿಬಿಡುತ್ತಾನೆ. ಆದಕಾರಣ ಇದು ಕುಡಿತವಲ್ಲ, ಪರೀಕ್ಷೆ. ಮದ್ಯವನ್ನು ಒಲ್ಲದ ಗೃಹಸ್ಥರು ಲೋಟವನ್ನು ಮುಟ್ಟದೆಯೇ ಬಳಿಯಲ್ಲಿ ಕುಳಿತು ಪರೀಕ್ಷಕನ ಮಾತನ್ನು ಕೇಳಬಹುದು. ಅದರಿಂದ ಅವರ ನಿಯಮಕ್ಕೆ ಭಂಗವಿಲ್ಲ.

ಆ ಮೇಜಿನ ಮೇಲೆ ಪರೀಕ್ಷೆಗೊಳಗಾಗುವುದು ಕಾರ್ಖಾನೆಯ ಕೌಶಲ್ಯವೊಂದೇ ಅಲ್ಲ; ಹೊಲದ ಬೇಸಾಯವೂ ಹೌದು. ಕೆಂಪು ವೈನಿನ ಬಣ್ಣವೂ ಒಗರೂ ಬಹುಮಟ್ಟಿಗೆ ಹಣ್ಣಿನ ಸಿಪ್ಪೆಯಿಂದ ಬರತಕ್ಕವು. ಬಳ್ಳಿಗೆ ಮಿತಿಮೀರಿ ನೀರು ಹಾಯಿಸಿದರೆ ಹಣ್ಣು ದಪ್ಪನಾಗಿ, ರಸಕ್ಕೆ ಸಿಪ್ಪೆಯ ಪ್ರಮಾಣವು ಕಡಿಮೆಯಾಗಿ, ವೈನು ಸಪ್ಪೆಯಾಗುವುದು. ಬಳ್ಳಿಯ ಶಕ್ತಿಗೆ ಮೀರಿ ಗೊಂಚಲುಗಳನ್ನು ಉಳಿಸಿಕೊಂಡರೂ, ಬಲಿಯುವ ಮುನ್ನವೇ ಕೊಯ್ದರೂ ಸಕ್ಕರೆಯು ಸಾಲದೆ ಹುಳಿಯು ಮುಂದಾಗುವುದು. ನೂರಕ್ಕೆ 22 ಭಾಗದಷ್ಟು ಸಕ್ಕರೆಯಿರುವ ರಸದಿಂದ ಸುಮಾರು 12 ಭಾಗ ಮದ್ಯಸಾರವು ದೊರೆಯುವುದು. ತೂಕವನ್ನೇ ಲಾಭವೆಂದೆಣಿಸುವ ರೈತನಿಗೆ ಇದು ಮನನಯೋಗ್ಯವಾದ ಪಾಠ.

ಬೆಂಗಳೂರು ನೀಲಿಯನ್ನು ಕಿತ್ತು ಹೊಸದನ್ನು ನೆಡಬೇಕೆಂಬುದು ಇದರ ತಾತ್ಪರ್ಯವಲ್ಲ. ಅದರ ಗಾಢವಾದ ಪರಿಮಳವು ಸಿಹಿಯಿಲ್ಲದ ವೈನಿನಲ್ಲಿ ಪರೀಕ್ಷಕರಿಗೆ ಹಿಡಿಸದು. ಆದರೆ ಹಣ್ಣಿನ ರಸಕ್ಕೂ ಸಿಹಿಯಾದ ಪೋರ್ಟ್ ಮಾದರಿಯ ವೈನಿಗೂ ಸಲ್ಲುವುದು. ಅದಲ್ಲದೆ ಸಂತೆಯಲ್ಲಿ ತಿನ್ನುವ ಹಣ್ಣಾಗಿಯೂ ಮಾರಾಟವಾಗುವುದು. ಕೇವಲ ವೈನಿಗೆಂದೇ ಬೆಳೆದ ಸಣ್ಣ ಕಾಯಿಯ, ಬೀಜ ಹೆಚ್ಚಾದ ಹಣ್ಣಾದರೋ ಕಾರ್ಖಾನೆಯವರು ಬೇಡವೆಂದರೆ ಸಂತೆಯಲ್ಲಿ ಬೆಲೆ ಕಾಣದು. ಬಳ್ಳಿಯು ಸರಿಯಾದ ಫಸಲಿಗೆ ಬರಲು ಎರಡು ಮೂರು ವರುಷ ಬೇಕು. ಕಂಬ, ತಂತಿಗಳಿಗೆ ಹಾಕಿದ ಬಂಡವಾಳವು ಹಿಂದಿರುಗಲು ಇನ್ನೂ ಹೆಚ್ಚು ಕಾಲ ಹಿಡಿಯುವುದು.

ಆದುದರಿಂದ ಗ್ರಾಮದ ಮುಖಂಡರು ಮೊದಲು ರುಚಿಪರೀಕ್ಷೆಯನ್ನು ನೋಡಿಬಂದು, ಸಕ್ಕರೆಯ ಪ್ರಮಾಣ, ಬೆಲೆ, ಕೊಳ್ಳುವ ಅವಧಿ ಇವುಗಳನ್ನು ಕರಾರುಪತ್ರದಲ್ಲಿ ಬರೆಯಿಸಿಕೊಂಡ ಮೇಲೆಯೇ ಗುಂಡಿ ತೋಡಿಸಲು ಊರಿನವರಿಗೆ ಸಲಹೆ ಕೊಡತಕ್ಕದ್ದು. ತನ್ನ ಹಣ್ಣು ಕಡೆಗೆ ಯಾವ ರುಚಿಯಾಗಬೇಕೆಂಬುದನ್ನು ಅರಿಯದ ಬೆಳೆಗಾರನು ಕೊಳ್ಳುವವನು ಹೇಳಿದ ಬೆಲೆಗೆ ತಲೆಬಾಗಬೇಕಾಗುವುದು. ಅರಿತವನು ತನ್ನ ಬೆಲೆಯನ್ನು ತಾನೇ ಕೇಳಬಲ್ಲನು.